ವೈರ್‌ಲೆಸ್ ರಿಲೇ ಜಾಲದಲ್ಲಿ ಬ್ಯಾಂಡ್‌ವಿಡ್ತ್ ಹಂಚಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಡ್ಡದ ಮೇಲೊಂದು ರಿಲೇ (ಒಂದು ಕಡೆಯಿಂದ ಬಂದದ್ದನ್ನು ಪಡೆದು ಮುಂದಕ್ಕೆ ದಾಟಿಸುವ ರೇಡಿಯೊ) ನಿಲ್ಲಿಸಿ ಹಳ್ಳಿಗೆ, ಶಾಲೆಗೆ, ತೋಟದ ಮನೆಗಳಿಗೆ ಇಂಟರ್‌ನೆಟ್ ತಲುಪಿಸಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನ ಉದಾಹರಣೆಗಳು ಒಂದೇ ಜಾಲದವು: ಪೇಟೆಯಲ್ಲಿ ಫೈಬರ್ ಸಂಪರ್ಕವಿರುವ ಕಟ್ಟಡ, ಗುಡ್ಡದ ಮೇಲೆ ಒಂದು ಕಂಬ, ಆಚೆ ಕಣಿವೆಯಲ್ಲಿ ಒಂದು ಶಾಲೆ. ಪೇಟೆಯಿಂದ ಗುಡ್ಡಕ್ಕೆ 60 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಗುಡ್ಡದಿಂದ ಶಾಲೆಗೆ 30 ಎಂಬಿಪಿಎಸ್. ಇಂಥ ಒಂದೊಂದು ಜಿಗಿತಕ್ಕೆ ‘ಹಾಪ್’ ಎನ್ನುತ್ತಾರೆ. ಲೆಕ್ಕ ಸುಲಭವಾಗಲೆಂದು ಈ ಅಂಕಿಗಳನ್ನು ಆರಿಸಿಕೊಂಡಿದ್ದೇನೆ. ವಿಧಾನ ಯಾವ ಜಾಲಕ್ಕೂ ಹೊಂದುತ್ತದೆ.

ಒಂದು ಹಾಪ್ 60, ಇನ್ನೊಂದು 30. ಆದರೆ ಶಾಲೆಯಲ್ಲಿ ಅಳೆದರೆ 15 ಮಾತ್ರ. ಉಳಿದದ್ದು ಎಲ್ಲಿ ಹೋಯಿತು?

ಹಂಚಿಕೆಯಲ್ಲಿ ಸೋರಿಹೋಯಿತು. ಗುಡ್ಡದ ರೇಡಿಯೊ ಒಂದೇ ಚಾನೆಲ್‌ನಲ್ಲಿ (ರೇಡಿಯೊ ತರಂಗಗಳ ಒಂದೇ ಪಟ್ಟಿಯಲ್ಲಿ) ಏಕಕಾಲಕ್ಕೆ ಕಳುಹಿಸುವುದನ್ನೂ ಕೇಳುವುದನ್ನೂ ಮಾಡಲಾರದು. ತಾನು ಕಳುಹಿಸುತ್ತಿರುವಾಗ ಅದರ ಸ್ವಂತ ಸಿಗ್ನಲ್, ದೂರದಿಂದ ಬರುವ ಸಿಗ್ನಲ್‌ಗಿಂತ ಕೋಟ್ಯಂತರ ಪಟ್ಟು ಬಲವಾಗಿರುತ್ತದೆ. ಆದ್ದರಿಂದ ಪ್ರತಿ ಸೆಕೆಂಡನ್ನೂ ಎರಡು ಹಾಪ್‌ಗಳ ನಡುವೆ ಪಾಲು ಮಾಡಬೇಕಾಗುತ್ತದೆ.

ಆ ಪಾಲು ಅರ್ಧರ್ಧ ಎಂದಿಟ್ಟುಕೊಳ್ಳಿ. ಮೊದಲ ಅರ್ಧದಲ್ಲಿ ಪೇಟೆಯಿಂದ 30 ಮೆಗಾಬಿಟ್ ಬಂದು ಸೇರುತ್ತದೆ. ಎರಡನೆಯ ಅರ್ಧದಲ್ಲಿ ಶಾಲೆಗೆ ಹೋಗಲು ಸಾಧ್ಯವಾಗುವುದು 15 ಮಾತ್ರ. ಮಿಕ್ಕ 15 ರಿಲೇಯ ಬಫರ್‌ನಲ್ಲಿ (ದತ್ತಾಂಶ ಸರದಿಗೆ ಕಾಯುವ ಜಾಗದಲ್ಲಿ) ಗುಡ್ಡೆಬಿದ್ದು, ಜಾಗ ಸಾಲದೆ ಬಿದ್ದುಹೋಗುತ್ತದೆ. ಈಗ ಮೊದಲ ಹಾಪ್‌ಗೆ ಮೂರನೇ ಒಂದು ಪಾಲು, ಎರಡನೆಯದಕ್ಕೆ ಮೂರನೇ ಎರಡು ಪಾಲು ಕೊಡಿ. ಬರುವುದೂ 20, ಹೋಗುವುದೂ 20. ಕಂಬ ಅದೇ, ರೇಡಿಯೊ ಅದೇ, ಚಾನೆಲ್ ಅದೇ. ಸಮಯದ ಗೆರೆಯನ್ನು ಸರಿಸಿದ್ದಕ್ಕೆ ಶಾಲೆಯ ವೇಗ ಮೂರನೇ ಒಂದು ಭಾಗದಷ್ಟು ಏರಿತು.

ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಇದರಲ್ಲೇ ಇದೆ. ರಿಲೇ ಜಾಲದಲ್ಲಿ ನಿಜವಾಗಿ ಹಂಚುವುದು ಸಮಯವನ್ನು. ಎಂಬಿಪಿಎಸ್ ಆ ಹಂಚಿಕೆಯ ಫಲ.

ಇದಕ್ಕೊಂದು ಸೂತ್ರ ಇದೆಯೇ?

ಇದೆ. ಪ್ರತಿ ಹಾಪ್‌ನ ವೇಗವನ್ನು ತಲೆಕೆಳಗು ಮಾಡಿ ಕೂಡಿಸಿ, ಬಂದ ಮೊತ್ತವನ್ನು ಮತ್ತೆ ತಲೆಕೆಳಗು ಮಾಡಿ. ನಮ್ಮ ಜಾಲದಲ್ಲಿ 1/60 + 1/30 = 1/20; ಉತ್ತರ 20. ಶಾಲೆಯಿಂದಾಚೆ 20 ಎಂಬಿಪಿಎಸ್‌ನ ಮೂರನೆಯ ಹಾಪ್ ಸೇರಿದರೆ 1/60 + 1/30 + 1/20 = 1/10; ಕೊನೆಯ ಮನೆಗೆ 10. ಅಲ್ಲಿ ಸಮಯದ ಪಾಲು ಕ್ರಮವಾಗಿ ಆರನೇ ಒಂದು, ಮೂರನೇ ಒಂದು, ಅರ್ಧ. ನಿಧಾನದ ಹಾಪ್‌ಗೆ ಹೆಚ್ಚು ಹೊತ್ತು ಸಿಗಬೇಕು ಎಂಬುದು ಹಲವರಿಗೆ ಒಪ್ಪಿಗೆಯಾಗುವುದಿಲ್ಲ. ವೇಗದ ಹಾಪ್‌ಗೆ ಹೆಚ್ಚು ಕೊಟ್ಟರೆ ಒಟ್ಟು ವೇಗ ಹೆಚ್ಚುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಅಲ್ಲಿ ಹೆಚ್ಚು ಕೊಟ್ಟಷ್ಟೂ ಬಫರ್ ತುಂಬುತ್ತದೆಯೇ ಹೊರತು ಶಾಲೆಗೆ ಹನಿಯೂ ಹೆಚ್ಚು ತಲುಪುವುದಿಲ್ಲ.

ಹೊಸ ಆ್ಯಂಟೆನಾಗೆ ದುಡ್ಡಿದೆ. ಯಾವ ಹಾಪ್‌ಗೆ ಹಾಕಲಿ?

ನಿಧಾನದ್ದಕ್ಕೆ, ಕಣ್ಣುಮುಚ್ಚಿ. 60ರ ಹಾಪನ್ನು 120ಕ್ಕೆ ಏರಿಸಿದರೆ ಶಾಲೆಗೆ 20 ಹೋಗಿ 24 ಆಗುತ್ತದೆ. 30ರ ಹಾಪನ್ನು 60ಕ್ಕೆ ಏರಿಸಿದರೆ 30 ಆಗುತ್ತದೆ.

ರಿಲೇ ಹಾಕಿದರೆ ಯಾವಾಗಲೂ ಲಾಭವೇ?

ಇಲ್ಲ. ಪೇಟೆಯಿಂದ ಶಾಲೆಗೆ ನೇರವಾಗಿ 25 ಎಂಬಿಪಿಎಸ್ ಸಿಗುವುದಾದರೆ 20 ಕೊಡುವ ರಿಲೇ ದಂಡ. ನೇರ ಸಂಪರ್ಕ 10 ಕೊಟ್ಟರೆ ರಿಲೇ ಬೇಕು. ಮೇಲಿನ ಸೂತ್ರದಿಂದ ಬಂದ ಅಂಕಿಯನ್ನು ನೇರ ಸಂಪರ್ಕದ ಅಂಕಿಯೊಂದಿಗೆ ಹೋಲಿಸಿ ನೋಡದೆ ಕಂಬ ನೆಡಬೇಡಿ. ಮನೆಯೊಳಗಿನ ವೈಫೈ ಮೆಶ್‌ಗೂ (ಹಲವು ಪುಟ್ಟ ರಿಲೇಗಳ ಜಾಲಕ್ಕೂ) ಈ ಮಾತು ಅನ್ವಯಿಸುತ್ತದೆ. ಸಿಗ್ನಲ್‌ನ ಗೆರೆಗಳು ಪೂರ್ತಿ ಕಂಡರೂ ವೇಗ ಇಳಿದಿರುವ ಮನೆಗಳಲ್ಲಿ, ಬೇಕಿಲ್ಲದ ಕಡೆ ಒಂದು ರಿಲೇ ಕೂತಿರುವುದು ಸಾಮಾನ್ಯ.

ಕಂಬದ ಮೇಲೆ ಎರಡು ರೇಡಿಯೊ ಹಾಕಿದರೆ ಈ ತೊಂದರೆ ತಪ್ಪುವುದಿಲ್ಲವೇ?

ಬಹುಮಟ್ಟಿಗೆ ತಪ್ಪುತ್ತದೆ. ಎರಡು ಹಾಪ್‌ಗಳಿಗೆ ಬೇರೆ ಬೇರೆ ಚಾನೆಲ್ ಇದ್ದರೆ ಎರಡೂ ಪೂರ್ತಿ ಸಮಯ ನಡೆಯುತ್ತವೆ. ಶಾಲೆಗೆ ನಿಧಾನದ ಹಾಪ್‌ನ ಪೂರ್ಣ ವೇಗ, ಅಂದರೆ 30 ಸಿಗುತ್ತದೆ. ಆದರೆ ನೀವೀಗ ಎರಡು ಚಾನೆಲ್‌ಗಳ ಸ್ಪೆಕ್ಟ್ರಂ ಬಳಸುತ್ತಿದ್ದೀರಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನೊಂದು ಮುಟ್ಟದ ಚಾನೆಲ್‌ಗಳೇ ಮೂರು: 1, 6 ಮತ್ತು 11. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ಆದರೆ ರೇಡಾರ್‌ಗೆ ದಾರಿ ಬಿಡಬೇಕಾದ ಚಾನೆಲ್‌ಗಳೂ ಅಲ್ಲೇ ಇವೆ.

ಒಂದು ಎಚ್ಚರಿಕೆ. ಚಾನೆಲ್ ಸಂಖ್ಯೆ ಬೇರೆಯಾದ ಮಾತ್ರಕ್ಕೆ ಒಂದೇ ಕಂಬದ ರೇಡಿಯೊಗಳು ಬೇರೆಯಾಗುವುದಿಲ್ಲ. ಒಂದರ ಸಿಗ್ನಲ್ ಪಕ್ಕದ ಚಾನೆಲ್‌ಗೂ ಸ್ವಲ್ಪ ಸೋರುತ್ತದೆ, ಮತ್ತು ಒಂದು ಮೀಟರ್ ದೂರದಲ್ಲಿ ಆ ಸೋರಿಕೆಯೇ ದೂರದ ಹಳ್ಳಿಯ ಸಿಗ್ನಲ್ಲನ್ನು ಮುಳುಗಿಸಲು ಸಾಕು. ಆ್ಯಂಟೆನಾಗಳನ್ನು ಒಂದರ ಮೇಲೊಂದು ಅಂತರ ಬಿಟ್ಟು ಕಟ್ಟಿ, ಚಾನೆಲ್‌ಗಳನ್ನು ಬ್ಯಾಂಡಿನ ಎರಡು ತುದಿಗಳಲ್ಲಿ ಇಡಿ.

ಹಾಪ್‌ಗಳು ಹೆಚ್ಚಾದಂತೆ ವೇಗ ಸೊನ್ನೆಗೆ ಇಳಿಯುತ್ತದೆಯೇ?

ಉದ್ದನೆಯ ಸರಪಳಿಯಲ್ಲಿ ಒಂದು ಸಮಾಧಾನವಿದೆ: ಸಾಕಷ್ಟು ದೂರವಿರುವ ಹಾಪ್‌ಗಳು ಒಂದೇ ಚಾನೆಲ್‌ನಲ್ಲಿ ಒಟ್ಟಿಗೆ ನಡೆಯಬಹುದು. ಹಾಗಾಗಿ ವೇಗ ಒಂದು ಮಟ್ಟದಲ್ಲಿ ನಿಲ್ಲುತ್ತದೆ. 2001ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ವೈಫೈ ಸರಪಳಿಯನ್ನು ಪರಿಶೀಲಿಸಿದಾಗ, ಆದರ್ಶ ಹಂಚಿಕೆಯಲ್ಲಿ ಒಂದು ಹಾಪ್‌ನ ವೇಗದ ನಾಲ್ಕನೇ ಒಂದು ಭಾಗ ಸಿಗಬೇಕಿತ್ತು. ಪ್ರತಿ ನೋಡ್ (ಜಾಲದ ಒಂದೊಂದು ರೇಡಿಯೊ) ತನಗೆ ತೋಚಿದಂತೆ ಕಳುಹಿಸುವ ವೈಫೈ ನಿಯಮದಲ್ಲಿ ಸಿಕ್ಕಿದ್ದು ಸುಮಾರು ಏಳನೇ ಒಂದು ಭಾಗ. ನಾಲ್ಕಕ್ಕೂ ಏಳಕ್ಕೂ ನಡುವಿನ ಅಂತರವೇ ಒಳ್ಳೆಯ ಹಂಚಿಕೆಯ ಬೆಲೆ.

ಒಂದು ವರ್ಷ ಮೊದಲು, 2000ದಲ್ಲಿ, ಸಂಶೋಧಕರಾದ ಪೀಯೂಷ್ ಗುಪ್ತಾ ಮತ್ತು ಪಿ.ಆರ್. ಕುಮಾರ್ ಇನ್ನೂ ಕಠಿಣವಾದ ಮಿತಿಯನ್ನು ತೋರಿಸಿದ್ದರು. ಎಲ್ಲೆಂದರಲ್ಲಿ ಹರಡಿದ ನೋಡ್‌ಗಳು ಒಬ್ಬರಿಗೊಬ್ಬರು ರಿಲೇ ಆಗಿ ಕೆಲಸ ಮಾಡುವ ಜಾಲದಲ್ಲಿ, ನೋಡ್‌ಗಳ ಸಂಖ್ಯೆ ಬೆಳೆದಂತೆ ಪ್ರತಿಯೊಬ್ಬರ ಪಾಲು ಸುಮಾರಾಗಿ ಆ ಸಂಖ್ಯೆಯ ವರ್ಗಮೂಲದ ವಿಲೋಮಕ್ಕೆ ಇಳಿಯುತ್ತದೆ, ಅದಕ್ಕಿಂತಲೂ ತುಸು ಕೆಳಗೇ. ನೂರು ಪಟ್ಟು ಬೆಳೆದರೆ ಪಾಲು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಎಷ್ಟೇ ಜಾಣ ಹಂಚಿಕೆ ಮಾಡಿದರೂ ಈ ಮಿತಿ ಬಿಡುವುದಿಲ್ಲ. ಆದ್ದರಿಂದ ಹಳ್ಳಿಗಳ ಜಾಲ ಬೆಳೆದಾಗ ಇನ್ನೊಂದು ರಿಲೇ ಸೇರಿಸುವ ಬದಲು, ನಡುವೆ ಎಲ್ಲಿಯಾದರೂ ಫೈಬರ್ ತುದಿ ಸಿಗುತ್ತದೆಯೇ ಎಂದು ಹುಡುಕಿ.

ಸಾಮಾನ್ಯ ವೈಫೈ ಉಪಕರಣಗಳಿಂದಲೇ ಹತ್ತಾರು ಕಿಲೋಮೀಟರ್ ರಿಲೇ ಕಟ್ಟಬಹುದೇ?

ಕಟ್ಟಬಹುದು, ಭಾರತದಲ್ಲಿ ಕಟ್ಟಿದ್ದಾರೆ. ಯಂತ್ರ ಅದೇ ಇರಬಹುದು, ನಿಯಮ ಮಾತ್ರ ಬದಲಾಗಬೇಕು.

ವೈಫೈ ಹುಟ್ಟಿದ್ದು ಕಟ್ಟಡದೊಳಗಿನ ಬಳಕೆಗೆ. ಕಳುಹಿಸುವ ಮೊದಲು ಚಾನೆಲ್ ಖಾಲಿಯೇ ಎಂದು ಆಲಿಸುವುದು, ಕಳುಹಿಸಿದ ಪ್ರತಿ ಪ್ಯಾಕೆಟ್‌ಗೂ (ದತ್ತಾಂಶದ ತುಂಡಿಗೂ) ತಲುಪಿತೆಂಬ ಉತ್ತರಕ್ಕೆ ಕಾಯುವುದು ಅದರ ರೀತಿ. ದೂರದ ಸಂಪರ್ಕದಲ್ಲಿ ಎರಡೂ ಕೈಕೊಡುತ್ತವೆ. 10 ಕಿಲೋಮೀಟರ್ ಹೋಗಿ ಬರಲು ಸಿಗ್ನಲ್‌ಗೆ ಸುಮಾರು 67 ಮೈಕ್ರೊಸೆಕೆಂಡ್ ಬೇಕು. 5 ಗಿಗಾಹರ್ಟ್ಸ್ ವೈಫೈ ತನ್ನ ಸರದಿ ಎಣಿಸುವ ಅಳತೆಯೇ 9 ಮೈಕ್ರೊಸೆಕೆಂಡ್. ಉತ್ತರ ಬರುವ ಮೊದಲೇ ತಾಳ್ಮೆಗೆಟ್ಟ ರೇಡಿಯೊ, ಆಗಲೇ ತಲುಪಿದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ನಿಮ್ಮ ಉಪಕರಣದಲ್ಲಿ ದೂರವನ್ನು ನಮೂದಿಸುವ ಜಾಗವಿದ್ದರೆ ಮೊದಲು ಅದನ್ನು ಸರಿಪಡಿಸಿ.

ಎರಡನೆಯ ತೊಂದರೆ ಹೆಚ್ಚು ಸ್ವಾರಸ್ಯದ್ದು. ಒಂದು ಟವರ್‌ನಿಂದ ಮೂರು ಹಳ್ಳಿಗಳತ್ತ ಮೂರು ಆ್ಯಂಟೆನಾಗಳು, ಎಲ್ಲವೂ ಒಂದೇ ಚಾನೆಲ್‌ನಲ್ಲಿ. ದಿಕ್ಕು ಬೇರೆಯಾದ್ದರಿಂದ ಮೂರೂ ಒಟ್ಟಿಗೆ ಕಳುಹಿಸಿದರೆ ಯಾರಿಗೂ ಹಾನಿಯಿಲ್ಲ. ಆದರೆ ಪಕ್ಕದ ಆ್ಯಂಟೆನಾದ ಸೋರಿಕೆ ಕೇಳಿಸಿದ ಕೂಡಲೇ ಉಳಿದೆರಡು ರೇಡಿಯೊಗಳು ಸುಮ್ಮನಾಗಿಬಿಡುತ್ತವೆ. ಕಾನ್ಪುರದ ಐಐಟಿಯ ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್ ಯೋಜನೆಯಲ್ಲಿ ಹಳ್ಳಿಗಳ ನಡುವೆ ಇಂಥ ಜಾಲ ಕಟ್ಟಿದ ಅನುಭವದ ಮೇಲೆ, ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು 2005ರಲ್ಲಿ ‘2ಪಿ’ ಎಂಬ ವಿಧಾನವನ್ನು ಮುಂದಿಟ್ಟರು. ಒಂದು ಟವರ್‌ನ ಎಲ್ಲ ಆ್ಯಂಟೆನಾಗಳೂ ಒಂದು ಹಂತದಲ್ಲಿ ಕಳುಹಿಸಲಿ, ಇನ್ನೊಂದು ಹಂತದಲ್ಲಿ ಎಲ್ಲವೂ ಕೇಳಲಿ. ಒಂದು ಕಳುಹಿಸುವಾಗ ಪಕ್ಕದ್ದು ಕೇಳುತ್ತಿರುವ ಸ್ಥಿತಿಯಷ್ಟೇ ಕೆಟ್ಟದ್ದು; ಅದು ಬಾರದಂತೆ ನೋಡಿಕೊಂಡರೆ ಇಡೀ ಜಾಲಕ್ಕೆ ಒಂದೇ ಚಾನೆಲ್ ಸಾಕು, ಯಾವ ಸಂಪರ್ಕವೂ ಬಿಡುವಾಗಿ ಕೂರುವುದಿಲ್ಲ.

ಷರತ್ತು ಒಂದಿದೆ. ಒಂದು ಟವರ್ ಕಳುಹಿಸುವಾಗ ಅದರ ನೆರೆಯ ಟವರ್‌ಗಳೆಲ್ಲ ಕೇಳುವ ಹಂತದಲ್ಲಿರಬೇಕು. ಮೂರು ಟವರ್‌ಗಳು ತ್ರಿಕೋನವಾಗಿ ಜೋಡಿಸಿಕೊಂಡಿದ್ದರೆ ಇದು ಅಸಾಧ್ಯ. ಮರದಂತೆ ಕವಲೊಡೆಯುವ ಜಾಲಕ್ಕೆ ಯಾವಾಗಲೂ ಸಾಧ್ಯ. ಹಳ್ಳಿಯ ಜಾಲಗಳು ಹೆಚ್ಚಾಗಿ ಒಂದೇ ಫೈಬರ್ ತುದಿಯಿಂದ ಕವಲೊಡೆಯುತ್ತವೆ ಎಂಬುದು ನಮ್ಮ ಅದೃಷ್ಟ.

ಇದೇ ಜಾಡಿನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2007ರಲ್ಲಿ ‘ವೈಲ್ಡ್‌ನೆಟ್’ ಪ್ರಕಟಿಸಿತು. ಸರದಿಯ ಸಮಯ ಹಂಚಿಕೆ, ಪ್ಯಾಕೆಟ್‌ಗಳ ಗುಂಪಿಗೆ ಒಂದೇ ಉತ್ತರ, ದೋಷ ತಿದ್ದುವ ಹೆಚ್ಚುವರಿ ಬಿಟ್‌ಗಳು: ಇವುಗಳಿಂದ ಸಾಮಾನ್ಯ ವೈಫೈಗಿಂತ 2ರಿಂದ 5 ಪಟ್ಟು ವೇಗ ಸಿಕ್ಕಿತು. ತಮಿಳುನಾಡಿನ ತೇಣಿಯ ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು ಈ ತಂಡ ಕಟ್ಟಿದ ದೂರದ ವೈಫೈ ಸಂಪರ್ಕಗಳ ಮೂಲಕ ಸುತ್ತಲಿನ ಹಳ್ಳಿ ಕೇಂದ್ರಗಳ ರೋಗಿಗಳನ್ನು ವಿಡಿಯೊದಲ್ಲಿ ನೋಡಿದರು. ಬ್ಯಾಂಡ್‌ವಿಡ್ತ್ ಹಂಚಿಕೆ ಯಾರಿಗಾಗಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಉದಾಹರಣೆಯನ್ನೇ.

ಚಾನೆಲ್ ಅಗಲ 20ರ ಬದಲು 80 ಮೆಗಾಹರ್ಟ್ಸ್ ಇಟ್ಟರೆ ವೇಗ ನಾಲ್ಕು ಪಟ್ಟಾಗುವುದೇ?

ಹತ್ತಿರದ, ಬಲವಾದ ಹಾಪ್‌ನಲ್ಲಿ ಹೆಚ್ಚುಕಡಿಮೆ ಹೌದು. ದೂರದ ಹಾಪ್‌ನಲ್ಲಿ ಇಲ್ಲ. ಅಗಲ ಇಮ್ಮಡಿಯಾದಾಗಲೆಲ್ಲ ರೇಡಿಯೊ ಒಳಗೆ ಬಿಟ್ಟುಕೊಳ್ಳುವ ಗದ್ದಲವೂ 3 ಡೆಸಿಬೆಲ್ ಏರುತ್ತದೆ; ಕಳುಹಿಸುವ ಶಕ್ತಿ ಅಷ್ಟೇ ಇರುತ್ತದೆ. 20ರಿಂದ 80ಕ್ಕೆ ಹೋದರೆ 6 ಡೆಸಿಬೆಲ್ ನಷ್ಟ. ದುರ್ಬಲ ಹಾಪ್‌ನಲ್ಲಿ ಅಷ್ಟು ನಷ್ಟವಾದರೆ ಮಾಡ್ಯುಲೇಶನ್ (ಸಿಗ್ನಲ್‌ನಲ್ಲಿ ಒಮ್ಮೆಗೆ ಎಷ್ಟು ಬಿಟ್ ತುಂಬುವುದೆಂಬ ಕ್ರಮ) ಒಂದೆರಡು ಮೆಟ್ಟಿಲು ಇಳಿಯುತ್ತದೆ, ಸಂಜೆಯ ಹೊತ್ತು ಸಂಪರ್ಕವೇ ತುಂಡಾಗುತ್ತದೆ. ಅಗಲವಾದಷ್ಟೂ ಬೇರೆಯವರ ಸಿಗ್ನಲ್‌ಗೆ ತಾಗುವ ಸಂಭವವೂ ಹೆಚ್ಚು. ದೂರದ ಹಾಪ್‌ಗೆ 20 ಅಥವಾ 40 ಇಟ್ಟು, ಉಳಿದ ಅಗಲವನ್ನು ಇನ್ನೊಂದು ಹಾಪ್‌ಗೆ ಬೇರೆ ಚಾನೆಲ್ ಆಗಿ ಕೊಡುವುದು ಜಾಣತನ.

ಹತ್ತಿರದ ಊರಿಗೂ ದೂರದ ಊರಿಗೂ ಸಮಪಾಲು ಕೊಡಬೇಕೇ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಯಾವುದರಲ್ಲಿ ಸಮಪಾಲು ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಒಂದೇ ರಿಲೇಗೆ ಸೇರಿದ ಎರಡು ಮನೆಗಳನ್ನು ನೋಡಿ. ಒಂದಕ್ಕೆ 60 ಎಂಬಿಪಿಎಸ್ ಸಿಗುವ ಸಿಗ್ನಲ್, ಮರಗಳ ಹಿಂದಿರುವ ಇನ್ನೊಂದಕ್ಕೆ 6. ಇಬ್ಬರಿಗೂ ಒಂದೇ ವೇಗ ಎಂದರೆ ತಲಾ ಸುಮಾರು 5.5; ಒಟ್ಟು 11. ದುರ್ಬಲ ಮನೆಯೊಂದೇ ಹತ್ತರಲ್ಲಿ ಒಂಬತ್ತು ಪಾಲು ಸಮಯ ನುಂಗುತ್ತದೆ. ಹಳೆಯ ವೈಫೈ ತಾನಾಗಿಯೇ ಹೀಗೆ ನಡೆದುಕೊಳ್ಳುತ್ತಿತ್ತು. ಫ್ರಾನ್ಸಿನ ಸಂಶೋಧಕರು 2003ರಲ್ಲಿ ಇದನ್ನು ಎತ್ತಿ ತೋರಿಸಿದರು. ಇಬ್ಬರಿಗೂ ಸಮಾನ ಸಮಯ ಕೊಟ್ಟರೆ ಒಬ್ಬರಿಗೆ 30, ಇನ್ನೊಬ್ಬರಿಗೆ 3, ಒಟ್ಟು 33. ಒಟ್ಟು ವೇಗವೊಂದೇ ಮುಖ್ಯ ಎಂದರೆ ಮೊದಲನೆಯವರಿಗೆ 60, ಎರಡನೆಯವರಿಗೆ ಸೊನ್ನೆ. ಆ ಸೊನ್ನೆಯನ್ನು ‘ದಕ್ಷತೆ’ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಒಂದೇ ರಿಲೇಯ ಮನೆಗಳ ನಡುವೆ ಸಮಾನ ಸಮಯವೇ ಒಳ್ಳೆಯ ನಿಯಮ. ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿಯಂಥ ತಂತ್ರಾಂಶಗಳಲ್ಲಿ ಇದಕ್ಕೆ ವ್ಯವಸ್ಥೆ ಇದೆ.

ಹಾಪ್‌ಗಳ ಸಂಖ್ಯೆಯೇ ಬೇರೆಯಾದಾಗ ನ್ಯಾಯದ ಲೆಕ್ಕ ತಿರುಗುತ್ತದೆ. ಎಲ್ಲ ಹಾಪ್‌ಗಳೂ 60 ಎಂದಿಟ್ಟುಕೊಳ್ಳಿ. ಮೇಲಿನೂರು ಒಂದು ಹಾಪ್ ದೂರ, ಕೆಳಗಿನೂರು ಎರಡು ಹಾಪ್. ಸಮಾನ ಸಮಯ ಕೊಟ್ಟರೆ ಮೇಲಿನೂರಿಗೆ 30, ಕೆಳಗಿನೂರಿಗೆ 15. ಸಮಾನ ವೇಗವಾದರೆ ತಲಾ 20. ಕೆಳಗಿನೂರಿನವರು ಗುಡ್ಡದ ಆಚೆ ಇರುವುದು ಅವರ ತಪ್ಪಲ್ಲ. ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿ ಸರದಿ ಕಟ್ಟುವಾಗ ಕಾಲುವೆಯ ಕೊನೆಯ ಗದ್ದೆಗೆ ನೀರು ಹರಿದು ಮುಟ್ಟುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಆ ಗದ್ದೆ ಒಣಗುತ್ತದೆ, ಇಲ್ಲಿಯೂ ಅದೇ.

ನಾನು ಸೂಚಿಸುವ ದಾರಿ: ಮೊದಲು ಎಲ್ಲ ಊರಿಗೂ ಕಡಿಮೆಯೆಂದರೆ ಇಷ್ಟು ಎಂಬ ವೇಗವನ್ನು ಖಚಿತಪಡಿಸಿ, ಮಿಕ್ಕ ಸಮಯವನ್ನು ಸಮನಾಗಿ ಹಂಚಿ. ತಲಾ 12 ಖಚಿತ ಎಂದರೆ ಮೇಲಿನೂರಿಗೆ ಸಮಯದ ಶೇ. 20, ಕೆಳಗಿನೂರಿಗೆ ಶೇ. 40 ಬೇಕು. ಉಳಿದ ಶೇ. 40ನ್ನು ಅರ್ಧರ್ಧ ಮಾಡಿದರೆ ಮೇಲಿನೂರಿಗೆ ಇನ್ನೂ 12, ಕೆಳಗಿನೂರಿಗೆ ಇನ್ನೂ 6. ಕೊನೆಗೆ 24 ಮತ್ತು 18. ಒಂದು ಊರಲ್ಲಿ 40 ಮನೆ, ಇನ್ನೊಂದರಲ್ಲಿ 10 ಮನೆ ಇದ್ದರೆ ಖಚಿತ ವೇಗವನ್ನು ಊರಿನ ಬದಲು ಮನೆಗಳ ಲೆಕ್ಕದಲ್ಲಿ ಇಡಿ. ಈ ಅಂಕಿಗಳನ್ನು ಊರವರ ಸಭೆಯಲ್ಲಿಟ್ಟು ಒಪ್ಪಿಸಿಕೊಳ್ಳಿ. ರೌಟರ್‌ನೊಳಗೆ ಗುಟ್ಟಾಗಿ ಕುಳಿತ ಹಂಚಿಕೆಯ ಮೇಲೆ ಜಗಳ ಬಂದೇ ಬರುತ್ತದೆ.

ಬೇಡಿಕೆ ಗಂಟೆಗೊಮ್ಮೆ ಬದಲಾಗುತ್ತದೆ. ಪಾಲನ್ನು ಯಾರು ಬದಲಿಸುತ್ತಾ ಕೂರುವುದು?

ಸರತಿಗಳೇ, ಅಂದರೆ ಕಾಯುತ್ತಿರುವ ಪ್ಯಾಕೆಟ್‌ಗಳ ಸಾಲುಗಳೇ, ಬದಲಿಸಲಿ. 1992ರಲ್ಲಿ ಸಂಶೋಧಕರಾದ ಟಾಸಿಯುಲಾಸ್ ಮತ್ತು ಎಫ್ರೆಮಿಡಿಸ್ ಕೊಟ್ಟ ‘ಬ್ಯಾಕ್‌ಪ್ರೆಶರ್’ ನಿಯಮ ತೀರ ಸರಳ: ಪ್ರತಿ ಹಾಪ್‌ನ ಈಚೆ ತುದಿಯಲ್ಲಿ ಕಾಯುತ್ತಿರುವ ಪ್ಯಾಕೆಟ್‌ಗಳಿಂದ ಆಚೆ ತುದಿಯಲ್ಲಿ ಕಾಯುತ್ತಿರುವವನ್ನು ಕಳೆಯಿರಿ, ಹಾಪ್‌ನ ವೇಗದಿಂದ ಗುಣಿಸಿ, ಹೆಚ್ಚು ಬಂದ ಹಾಪ್‌ಗೆ ಈ ಕ್ಷಣದ ಸರದಿ ಕೊಡಿ. ಪೇಟೆಯಲ್ಲಿ 50, ಗುಡ್ಡದಲ್ಲಿ 40 ಪ್ಯಾಕೆಟ್ ಕಾಯುತ್ತಿವೆ. ಶಾಲೆಗೆ ಬಂದದ್ದು ಬಳಕೆಯಾಗಿಬಿಡುವುದರಿಂದ ಅಲ್ಲಿ ಸೊನ್ನೆ. ಮೊದಲ ಹಾಪ್‌ಗೆ 10 × 60 = 600, ಎರಡನೆಯದಕ್ಕೆ 40 × 30 = 1200. ಸರದಿ ಗುಡ್ಡದ್ದು. ಬೇಡಿಕೆಯ ಮುನ್ಸೂಚನೆ ಏನೂ ಬೇಡ, ಆದರೂ ಜಾಲ ಹೊರಬಲ್ಲ ಯಾವ ಹೊರೆಯನ್ನಾದರೂ ಈ ನಿಯಮ ಹೊರುತ್ತದೆ ಎಂದು ಅವರು ಗಣಿತದಿಂದ ಸಾಧಿಸಿದರು. ಇದರ ದೌರ್ಬಲ್ಯ ವಿಳಂಬ: ಸರತಿ ಬೆಳೆಯುವ ತನಕ ಪ್ಯಾಕೆಟ್ ಮುಂದಕ್ಕೆ ಹೋಗುವುದಿಲ್ಲ.

ಸಣ್ಣ ಜಾಲಕ್ಕೆ ಇಷ್ಟೂ ಬೇಕಿಲ್ಲ. ಹಗಲು ಶಾಲೆಗೆ, ಸಂಜೆ ಮನೆಗಳಿಗೆ ಎಂದು ಎರಡು ವೇಳಾಪಟ್ಟಿ ಇದ್ದರೆ ಸಾಕು. ಜೊತೆಗೆ ರಿಲೇಯ ಬಫರನ್ನು ಚಿಕ್ಕದಾಗಿಡಿ. ದೊಡ್ಡ ಬಫರ್ ಪ್ಯಾಕೆಟ್ ಬೀಳದಂತೆ ತಡೆಯುವ ಹೆಸರಿನಲ್ಲಿ ವಿಡಿಯೊ ಕರೆಯನ್ನು ಹಾಳುಗೆಡವುತ್ತದೆ.

ಎರಡೂ ದಿಕ್ಕಿನ ಸಂಚಾರ ಇದ್ದಾಗ ಸಮಯ ಉಳಿಸುವ ಉಪಾಯ ಇದೆಯೇ?

ಬಹಳ ಸುಂದರವಾದದ್ದೊಂದು ಇದೆ. ಪೇಟೆಯಿಂದ ಶಾಲೆಗೆ 0110, ಶಾಲೆಯಿಂದ ಪೇಟೆಗೆ 1011 ಹೋಗಬೇಕು. ಮಾಮೂಲಾಗಿ ನಾಲ್ಕು ಸರದಿ: ಎರಡು ಗುಡ್ಡಕ್ಕೆ ಬರಲು, ಎರಡು ಹೋಗಲು. ಗುಡ್ಡವು ಎರಡನ್ನೂ ಪಡೆದು, ಬಿಟ್‌ಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಹಾಕಿ 1101 ಎಂದು ಒಮ್ಮೆ ಮಾತ್ರ ಇಬ್ಬರಿಗೂ ಕೇಳುವಂತೆ ಬಿತ್ತರಿಸಲಿ. ಶಾಲೆಗೆ ತಾನು ಕಳುಹಿಸಿದ 1011 ಗೊತ್ತು. ಅದರೊಂದಿಗೆ 1101ನ್ನು ಮತ್ತೆ ಹಾಗೆಯೇ ಹೋಲಿಸಿದರೆ 0110 ಸಿಗುತ್ತದೆ. ಪೇಟೆಯೂ ಹೀಗೆಯೇ ಮಾಡುತ್ತದೆ. ನಾಲ್ಕು ಸರದಿಯ ಕೆಲಸ ಮೂರಕ್ಕೆ ಮುಗಿಯಿತು. 2006ರಲ್ಲಿ ‘ಕೋಪ್’ ಎಂಬ ಹೆಸರಿನಲ್ಲಿ ಇದನ್ನು ನಿಜವಾದ ವೈಫೈ ಜಾಲದಲ್ಲಿ ಓಡಿಸಿ ತೋರಿಸಲಾಯಿತು. ಹಳ್ಳಿಯ ಸಂಚಾರ ಹೆಚ್ಚಾಗಿ ಒಂದೇ ದಿಕ್ಕಿನದು, ಇಳಿಸಿಕೊಳ್ಳುವುದೇ ಬಹಳ. ಆದ್ದರಿಂದ ಅಲ್ಲಿ ಲಾಭ ಕಡಿಮೆ. ವಿಡಿಯೊ ಪಾಠ, ದೂರವೈದ್ಯಕೀಯ ಇರುವಲ್ಲಿ ಹೆಚ್ಚು.

ಸಿಗ್ನಲ್ ವರ್ಧಿಸುವ ರಿಲೇ, ಅದನ್ನು ಬಿಟ್‌ಗಳಾಗಿ ಬಿಡಿಸಿ ಮರುಕಳುಹಿಸುವ ರಿಲೇ: ಯಾವುದು ಮೇಲು?

ವರ್ಧಿಸುವುದು ಅಗ್ಗ, ವಿಳಂಬವಿಲ್ಲ. ಆದರೆ ಗದ್ದಲವನ್ನೂ ವರ್ಧಿಸುತ್ತದೆ. ಎರಡು ಹಾಪ್ ಮೀರಿದರೆ ಬಿಡಿಸಿ ಕಳುಹಿಸುವುದೇ ಸರಿ. ಸಿದ್ಧಾಂತದ ಮಟ್ಟದಲ್ಲಿ ಈ ಪ್ರಶ್ನೆ ಇನ್ನೂ ತೆರೆದೇ ಇದೆ: 1971ರಲ್ಲಿ ವಾನ್ ಡರ್ ಮ್ಯೂಲೆನ್ ರೂಪಿಸಿದ, 1979ರಲ್ಲಿ ಕವರ್ ಮತ್ತು ಎಲ್ ಗಮಾಲ್ ಆಳವಾಗಿ ವಿಶ್ಲೇಷಿಸಿದ ಒಂದೇ ರಿಲೇಯ ಚಾನೆಲ್‌ಗೂ ಪೂರ್ಣ ಸಾಮರ್ಥ್ಯದ ಸಾಮಾನ್ಯ ಸೂತ್ರ ಸಿಕ್ಕಿಲ್ಲ.

ಕಂಬ ಎಲ್ಲಿ ನೆಡಬೇಕು? ಮಲೆನಾಡಿನ ಮಳೆ, ಮರಗಳ ಗತಿಯೇನು?

ನಕ್ಷೆಯ ನಡುಬಿಂದು ನೋಡಬೇಡಿ, ಸೂತ್ರದ ಅಂಕಿ ಹೆಚ್ಚು ಬರುವ ಜಾಗ ನೋಡಿ. ಎರಡು ಆ್ಯಂಟೆನಾಗಳು ಒಂದಕ್ಕೊಂದು ಕಂಡರಷ್ಟೇ ಸಾಲದು, 5.8 ಗಿಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್ ಸಂಪರ್ಕದ ನಡುವೆ ನೋಟದ ಗೆರೆಯ ಸುತ್ತ ಸುಮಾರು 7 ಮೀಟರ್ ಖಾಲಿ ಜಾಗ ಬೇಕು. ಈ ತರಂಗಾಂತರದಲ್ಲಿ ಮಳೆಹನಿಗಳ ಕಾಟ ಅಲ್ಪ, ಒದ್ದೆ ಎಲೆಗಳ ಕಾಟ ದೊಡ್ಡದು. ಬೇಸಿಗೆಯಲ್ಲಿ ಅಡಿಕೆ ತೋಟದ ನೆತ್ತಿಯನ್ನು ಸವರಿ ಹೋಗುತ್ತಿದ್ದ ಸಂಪರ್ಕ ಆಷಾಢದಲ್ಲಿ ಅರ್ಧಕ್ಕೆ ಇಳಿಯಬಹುದು, ಆಗ ಸಮಯದ ಪಾಲನ್ನೂ ತಿದ್ದಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನುರಾಗ್ ಕುಮಾರ್ ಮತ್ತು ಸಹೋದ್ಯೋಗಿಗಳು, ದಾರಿಯುದ್ದಕ್ಕೂ ನಡೆಯುತ್ತಾ ಸಿಗ್ನಲ್ ಅಳೆದು ಅಲ್ಲಲ್ಲೇ ರಿಲೇ ಇಡಬೇಕೋ ಮುಂದಕ್ಕೆ ಹೋಗಬೇಕೋ ಎಂದು ನಿರ್ಧರಿಸುವ ಕ್ರಮಗಳನ್ನು ರೂಪಿಸಿದ್ದಾರೆ. ಕಾಡಿನಂಥ ಜಾಗಗಳ ಸೆನ್ಸರ್ ಜಾಲಗಳಿಗಾಗಿ ನಡೆದ ಕೆಲಸವದು, ಆದರೆ ಅಳೆದು ಇಡು ಎಂಬ ಅದರ ತಿರುಳು ನಮಗೂ ಬೇಕಾದದ್ದು.

5ಜಿ ಬಂದಮೇಲೂ ಇದೆಲ್ಲ ಬೇಕೇ?

5ಜಿಯ ಒಳಗೇ ಇದು ಇದೆ. 2020ರಲ್ಲಿ ಪೂರ್ಣಗೊಂಡ ‘ರಿಲೀಸ್ 16’ ಮಾನದಂಡದಲ್ಲಿ, ಫೈಬರ್ ಇಲ್ಲದ ಕಂಬವೊಂದು ಗ್ರಾಹಕರಿಗೆ ಸೇವೆ ಕೊಡುತ್ತಲೇ ಹಿಂದಿನ ಕಂಬದಿಂದ ರೇಡಿಯೊ ಮೂಲಕವೇ ದತ್ತಾಂಶ ಪಡೆಯುವ ವ್ಯವಸ್ಥೆ ಸೇರಿತು. ಯಾವ ಸಮಯಭಾಗ ಹಿಂದಿನ ಕಂಬಕ್ಕೆ, ಯಾವುದು ಗ್ರಾಹಕರಿಗೆ ಎಂಬ ಅದೇ ಪ್ರಶ್ನೆ ಅಲ್ಲಿಯೂ.

ಪರವಾನಗಿ ಬೇಕೇ?

ಭಾರತದಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡ್ 2005ರಿಂದ, 5 ಗಿಗಾಹರ್ಟ್ಸ್‌ನ ಬಹುಭಾಗ 2018ರ ನಿಯಮಗಳಿಂದ ಪರವಾನಗಿಮುಕ್ತ. ಶಕ್ತಿಯ ಮಿತಿಗಳನ್ನು ಪಾಲಿಸಬೇಕು. ಹಣ ಪಡೆದು ಇಂಟರ್‌ನೆಟ್ ಸೇವೆ ಕೊಡುವುದಾದರೆ ದೂರಸಂಪರ್ಕ ಇಲಾಖೆಯ ನಿಯಮಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳಿ.

ನನ್ನ ಜಾಲ ಆಗಲೇ ನಡೆಯುತ್ತಿದೆ. ಎಲ್ಲಿಂದ ಶುರುಮಾಡಲಿ?

ಪ್ರತಿ ಹಾಪನ್ನೂ ಬೇರೆಯಾಗಿ ಅಳೆಯಿರಿ, ಉಳಿದ ಹಾಪ್‌ಗಳು ಸುಮ್ಮನಿರುವಾಗ. ರೇಡಿಯೊದ ಪರದೆ ತೋರಿಸುವ ಸಂಪರ್ಕ ವೇಗವನ್ನು ನಂಬಬೇಡಿ. ನಿಜವಾಗಿ ಸಾಗುವುದು ಹಲವು ಸಲ ಅದರ ಅರ್ಧದ ಆಸುಪಾಸು. ಹಾಪ್‌ನ ಎರಡೂ ತುದಿಗಳಲ್ಲಿ ವೇಗ ಅಳೆಯುವ ತಂತ್ರಾಂಶ ಐಪರ್ಫ್ ಓಡಿಸಿ, ಒಮ್ಮೆ ನಡುರಾತ್ರಿ, ಒಮ್ಮೆ ಸಂಜೆ ಎಂಟರ ಸುಮಾರಿಗೆ. ಆ ಅಂಕಿಗಳನ್ನು ಸೂತ್ರಕ್ಕೆ ಹಾಕಿ. ಕೊನೆಯ ಮನೆಯಲ್ಲಿ ಸಿಗುತ್ತಿರುವುದು ಸೂತ್ರದ ಉತ್ತರಕ್ಕೆ ಹತ್ತಿರವಿದ್ದರೆ ಹಂಚಿಕೆ ಸರಿಯಿದೆ, ದುಡ್ಡನ್ನು ನಿಧಾನದ ಹಾಪ್‌ಗೆ ಹಾಕಿ. ಬಹಳ ಕಡಿಮೆಯಿದ್ದರೆ ಏನನ್ನೂ ಕೊಳ್ಳಬೇಡಿ. ಮೊದಲು ಸಮಯದ ಪಾಲು, ದೂರದ ನಮೂದು, ಚಾನೆಲ್ ಅಗಲ ಇವನ್ನು ಇದೇ ಕ್ರಮದಲ್ಲಿ ತಿದ್ದಿ, ಪ್ರತಿ ತಿದ್ದುಪಡಿಯ ನಂತರ ಮತ್ತೆ ಅಳೆಯಿರಿ. ಅಳತೆಗಳನ್ನು ದಿನಾಂಕದೊಂದಿಗೆ ಬರೆದು ಕಂಬದ ಪೆಟ್ಟಿಗೆಯೊಳಗೆ ಅಂಟಿಸಿಡಿ, ಮಳೆಗಾಲದಲ್ಲಿ ದುರಸ್ತಿಗೆ ಬರುವವರಿಗೆ ಹೋಲಿಸಿ ನೋಡಲು ಬೇಕಾಗುತ್ತದೆ.